ಮೈಸೂರಿನ ರಾಣಿಯೂ ದಾಕಿನ ಕಲೆಯೂ

ಈ ಸಲದ ಯುಗಾದಿ ಊಟದ ಪಂಕ್ತಿಯಲ್ಲಿ ನಮ್ಮ ಸಂಘದ ಪುಟ್ಟ ಹುಡುಗಿಯೊಬ್ಬಳು, ಊರಿನಿಂದ ಬಂದಿದ್ದ ಹಿರಿಯರೊಬ್ಬರ ತೋಳು ಹಿಡಿದು, "ಅಜ್ಜಿ, ಇದೇನು, ಸುಟ್ಟ ಗಾಯವೇ?" ಎಂದು ಕೇಳಿದಳು. ನಾಲ್ಕಾಣೆ ಅಗಲದ ಎರಡು ಗುಂಡು ಕಲೆಗಳು. "ದಾಕು ಹಾಕಿದ್ದು ಕಣೇ" ಎಂದರು ಅಜ್ಜಿ. ಮಗುವಿಗೆ ಅರ್ಥವಾಗಲಿಲ್ಲ. ಸುತ್ತ ಕುಳಿತಿದ್ದ ನಮ್ಮಲ್ಲಿ ಕೆಲವರಿಗೂ ಆಗಲಿಲ್ಲ. ನಮ್ಮ ವಯಸ್ಸಿನವರ ತೋಳಿನ ಕಲೆ ಬೇರೆ. ಅದು ಕ್ಷಯರೋಗ ಬಾರದಿರಲೆಂದು ಹಾಕಿದ ಬಿ.ಸಿ.ಜಿ.ಯದು. ಅಜ್ಜಿಯದು ಸಿಡುಬಿನ ದಾಕಿನದು. ಸಂಪಾದಕರು ಅಲ್ಲಿಯೇ ಗಂಟುಬಿದ್ದು, "ಇದನ್ನೇ ಬರೆದುಕೊಡಿ" ಎಂದರು. ಇತಿಹಾಸ ನಮ್ಮ ಕಸುಬಲ್ಲ. ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ದಿನ ಕಳೆಯುವವರು ನಾವು. ತಪ್ಪು ಕಂಡರೆ ತಿಳಿದವರು ತಿದ್ದಬೇಕು.

ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ 1796ರಲ್ಲಿ ಹಸುವಿನ ಕೆಚ್ಚಲ ಸಿಡುಬಿನ ರಸವನ್ನು ಒಬ್ಬ ಹುಡುಗನ ತೋಳಿಗೆ ಹಾಕಿ, ಅವನಿಗೆ ಮನುಷ್ಯರ ಸಿಡುಬು ತಗಲದೆಂದು ತೋರಿಸಿದ ಕಥೆ ಎಲ್ಲರಿಗೂ ಗೊತ್ತು. ಅದು ಭಾರತಕ್ಕೆ ಬಂದ ಬಗೆ ಅಷ್ಟು ಪರಿಚಿತವಲ್ಲ. ಆ ರಸವನ್ನು ದಾರಕ್ಕೆ ಹಚ್ಚಿ ಒಣಗಿಸಿ, ಅಥವಾ ಎರಡು ಗಾಜಿನ ಚೂರುಗಳ ನಡುವೆ ಇಟ್ಟು ಕಳುಹಿಸುತ್ತಿದ್ದರು. ಬಿಸಿಲಿಗೆ ಅದು ದಾರಿಯಲ್ಲೇ ಸತ್ತುಹೋಗುತ್ತಿತ್ತು. (ಬಿಸಿಲು ತಾಳುವ ಒಣ ಲಸಿಕೆಯನ್ನು ಹೇರಳವಾಗಿ ತಯಾರಿಸುವ ವಿಧಾನ ಕೈಗೂಡಿದ್ದು 1950ರ ದಶಕದಲ್ಲಿ, ಲಂಡನ್ನಿನ ಲಿಸ್ಟರ್ ಸಂಸ್ಥೆಯ ಲೆಸ್ಲಿ ಕಾಲಿಯರ್ ಅವರಿಂದ. ನಮ್ಮ ಕಸುಬಿನ ಅಭಿಮಾನದಿಂದ ಈ ಮಾತು ಸೇರಿಸಿದ್ದೇವೆ.) ಕೊನೆಗೆ ವಿಯೆನ್ನಾ, ಬಾಗ್ದಾದ್, ಬಸ್ರಾ ದಾರಿಯಲ್ಲಿ ಬಂದ ರಸ ಮುಂಬಯಿಯಲ್ಲಿ ಫಲಿಸಿತು. 1802ರ ಜೂನ್ 14ರಂದು ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿನ ತೋಳಿನಲ್ಲಿ ಗುಳ್ಳೆ ಎದ್ದಿತು. ಸುಮಾರು ಎಂಟು ದಿನಕ್ಕೆ ಆ ಗುಳ್ಳೆಯ ರಸವನ್ನು ತೆಗೆದು ಬೇರೆ ಮಕ್ಕಳಿಗೆ, ಅವರಿಂದ ಇನ್ನಷ್ಟು ಮಕ್ಕಳಿಗೆ. ಹೀಗೆ ತೋಳಿನಿಂದ ತೋಳಿಗೆ ದಾಟುತ್ತ ದಾಕು ದಕ್ಷಿಣಕ್ಕೆ ಇಳಿಯಿತು.

ಈ ಮಾತನ್ನು ಸ್ವಲ್ಪ ನಿಂತು ಯೋಚಿಸಬೇಕು. ಲಸಿಕೆ ಹಸುವಿನಿಂದ ಬಂದದ್ದು, ಹಿಂದೂಗಳಿಗೆ ಹಸು ಪೂಜ್ಯ, ಆದ್ದರಿಂದ ಸಂತೋಷದಿಂದ ಹಾಕಿಸಿಕೊಳ್ಳುತ್ತಾರೆ ಎಂದು ಕಂಪನಿಯ ಅಧಿಕಾರಿಗಳಲ್ಲಿ ಕೆಲವರು ಲೆಕ್ಕ ಹಾಕಿದ್ದರು. ಆದರೆ ತಾಯಿಯ ಕಣ್ಣಿಗೆ ಅಲ್ಲಿ ಹಸುವೆಲ್ಲಿದೆ? ಕಾಣುವುದು ಯಾರದೋ ಮಗುವಿನ ಕೀವು. ಯಾವ ಜಾತಿಯ ಮಗುವೋ, ಅದಕ್ಕೆ ಇನ್ನೇನು ಕಾಯಿಲೆಯಿದೆಯೋ. ಜಾತಿಯ ಮಾತು ಬಿಡೋಣ. ಕಾಯಿಲೆಯ ಭಯ ಮಾತ್ರ ಸುಳ್ಳಲ್ಲ. ತೋಳಿನಿಂದ ತೋಳಿಗೆ ಹಾಕುವಾಗ ಮೇಹರೋಗ ದಾಟಿದ ಪ್ರಸಂಗಗಳು ಮುಂದೆ ಯೂರೋಪಿನಲ್ಲೇ ದಾಖಲಾದವು. ಅದೂ ಅಲ್ಲದೆ ಸಿಡುಬು ನಮ್ಮವರಿಗೆ ಬರಿಯ ರೋಗವಾಗಿರಲಿಲ್ಲ, "ಅಮ್ಮ" ಆಗಿದ್ದಳು. ಬಾಗಿಲಿಗೆ ಬೇವು ಕಟ್ಟಿ, ಒಗ್ಗರಣೆ ನಿಲ್ಲಿಸಿ, ತಂಪು ಮಾಡಿ ಕಳುಹಿಸಬೇಕಾದ ಅತಿಥಿ. ಅವಳು ಬರುವ ಮೊದಲೇ ಬಾಗಿಲು ಹಾಕುವುದೇ? ಜೊತೆಗೆ, ನಿಜವಾದ ಸಿಡುಬಿನ ಕೀವನ್ನೇ ಸ್ವಲ್ಪ ಚುಚ್ಚಿ ಲಘುವಾಗಿ ಬರಿಸುವ ಹಳೆಯ ಪದ್ಧತಿಯೂ ದೇಶದ ಹಲವು ಕಡೆ ಇತ್ತು. ಅದರಲ್ಲಿ ಅಪಾಯವಿತ್ತು, ಆದರೆ ಕಂಡು ಕೇಳಿದ್ದ ಅಪಾಯ. ಹೇಳುತ್ತಿದ್ದವರು ಯಾರು ಎಂಬುದನ್ನೂ ಮರೆಯುವಂತಿಲ್ಲ. ಟಿಪ್ಪು ಸುಲ್ತಾನ ಮಡಿದದ್ದು 1799ರಲ್ಲಿ. ಅವನನ್ನು ಸೋಲಿಸಿದವರೇ ಕೆಲವು ವರ್ಷಗಳಲ್ಲಿ ಚೂರಿ ಹಿಡಿದು, "ಮಗುವಿನ ತೋಳು ಕೊಡಿ, ಒಳ್ಳೆಯದಕ್ಕೆ" ಎಂದರೆ ಹಿಂಜರಿದವರನ್ನು ಮೂಢರೆನ್ನಲು ನಮಗೆ ಬಾಯಿ ಬರುವುದಿಲ್ಲ.

ಅಂಥ ಕಾಲದ ಒಂದು ಚಿತ್ರವಿದೆ. ಸುಮಾರು 1805ರಲ್ಲಿ ಐರಿಷ್ ಚಿತ್ರಕಾರ ಥಾಮಸ್ ಹಿಕ್ಕಿ ಬರೆದ ತೈಲಚಿತ್ರ: ಒಡವೆ ತೊಟ್ಟ ಮೂವರು ಸ್ತ್ರೀಯರು. ನರ್ತಕಿಯರಿರಬೇಕೆಂದು ಬಹುಕಾಲ ಎಣಿಸಿದ್ದರು. ಅಲ್ಲ, ಮೈಸೂರು ಅರಮನೆಯ ರಾಣಿವಾಸದವರು ಎಂದು ಇತಿಹಾಸಕಾರ ನೈಜಲ್ ಚಾನ್ಸೆಲರ್ 2001ರಲ್ಲಿ ವಾದಿಸಿದರು. ಬಲಗಡೆಯಾಕೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ. ಸೆರಗು ಸರಿಸಿ ದಾಕು ಹಾಕುವ ಜಾಗವನ್ನು ತೋರಿಸುತ್ತಿದ್ದಾಳೆ. ಎಡಗಡೆಯಾಕೆಯ ಮೂಗು ಬಾಯಿಗಳ ಸುತ್ತ ಬಣ್ಣಗೆಟ್ಟಿರುವುದು ಹಳೆಯ ಪದ್ಧತಿಯ ಗುರುತು, ಎಂಬುದು ಅವರ ಅಭಿಪ್ರಾಯ. ಇದು ವಾದವೇ ಹೊರತು ಚಿತ್ರದ ಕೆಳಗೆ ಬರೆದಿಟ್ಟ ಮಾತಲ್ಲ. ಆದರೂ ರಾಣಿಗೆ ದಾಕು ಹಾಕಿದ್ದನ್ನು ಕಂಡು ಜನ ಮುಂದೆ ಬಂದರೆಂಬ ಅರ್ಥದ ದಾಖಲೆ 1806ರದು ಇದೆಯಾದ್ದರಿಂದ ನಮಗೆ ವಾದ ಒಪ್ಪಿಗೆಯಾಗಿದೆ. ಮಹಾರಾಜರಿಗೆ ಆಗ ಹನ್ನೊಂದು ವರ್ಷ; ರಾಣಿಯೂ ಹುಡುಗಿಯೇ. ಪರಪುರುಷರು ನೋಡಬಾರದ ರಾಣಿ ಪರದೇಶದ ಚಿತ್ರಕಾರನ ಮುಂದೆ ತೋಳು ತೋರಿಸಿ ನಿಲ್ಲಬೇಕಾದರೆ ಹಿರಿಯರ ಅಪ್ಪಣೆಯಿಲ್ಲದೆ ಸಾಧ್ಯವೇ? ಅರಮನೆಯಲ್ಲಿ ಆಗ ಅಜ್ಜಿ ಲಕ್ಷ್ಮಮ್ಮಣ್ಣಿಯವರ ಮಾತು ನಡೆಯುತ್ತಿತ್ತು. ಹುಡುಗಿಯನ್ನು ಕೇಳಿದರೋ ಇಲ್ಲವೋ ಎಂಬ ಪ್ರಶ್ನೆ ನಮ್ಮನ್ನು ಈಗಲೂ ಬಿಟ್ಟಿಲ್ಲ.

ಜನರನ್ನು ಒಪ್ಪಿಸಲು ಬೇರೆ ದಾರಿ ಹುಡುಕಿದವರೂ ಇದ್ದರು. ದ್ರಾವಿಡ ಭಾಷೆಗಳು ಒಂದೇ ಕುಟುಂಬದವೆಂದು 1816ರಲ್ಲಿ ತೋರಿಸಿಕೊಟ್ಟ ಮದ್ರಾಸಿನ ಎಫ್. ಡಬ್ಲ್ಯೂ. ಎಲ್ಲಿಸ್ ಅವರೇ, ದೇವಿಗೂ ಧನ್ವಂತರಿಗೂ ಸಂವಾದ ನಡೆಸಿ, ಗೋಸಿಡುಬು ದೇವಿಯದೇ ವರವೆಂಬಂತೆ ತಮಿಳಿನಲ್ಲಿ ಒಂದು ಕಥೆ ಕಟ್ಟಿದರು. ಧನ್ವಂತರಿಯ ಹೆಸರಿನ ಪುರಾತನ ಗ್ರಂಥದಲ್ಲೇ ದಾಕಿನ ವಿಷಯವಿದೆ ಎಂಬ ಸುದ್ದಿಯೂ 1819ರಲ್ಲಿ ಮದ್ರಾಸಿನ ಪತ್ರಿಕೆಯಲ್ಲಿ ಬಂತು. ಅಂಥ ಗ್ರಂಥವಿಲ್ಲ. ಉದ್ದೇಶ ಒಳ್ಳೆಯದಿದ್ದರೂ ಅದು ಸುಳ್ಳು. "ನಮ್ಮ ಪೂರ್ವಿಕರಿಗೆ ದಾಕು ಗೊತ್ತಿತ್ತು" ಎಂದು ಇಂದಿಗೂ ಕೆಲವರು ಎದೆ ತಟ್ಟಿಕೊಳ್ಳುವುದರ ಮೂಲ ಅಲ್ಲಿದೆ.

ಇದನ್ನೆಲ್ಲ ನಾವು ಓದಿದ್ದು ತಡವಾಗಿ. 2021ರ ಮಾರ್ಚಿನಲ್ಲಿ ಅರವತ್ತು ದಾಟಿದವರಿಗೆ ಕೊರೋನಾ ಲಸಿಕೆ ಆರಂಭವಾದಾಗ, ನಂಜನಗೂಡಿನ ಕಡೆಯ ನಮ್ಮ ತಾತನವರು ಹಾಕಿಸಿಕೊಳ್ಳಲು ಒಪ್ಪಲಿಲ್ಲ. ನಾವು ಇಲ್ಲಿಂದ ಫೋನಿನಲ್ಲಿ ಮುಕ್ಕಾಲು ಗಂಟೆ ವಿವರಿಸಿದೆವು. ಪ್ರೋಟೀನು, ಪ್ರತಿಕಾಯ, ಶೇಕಡಾವಾರು ಎಲ್ಲ ಆಯಿತು. ಕೊನೆಗೆ ತಾತ, "ಪಕ್ಕದ ಬೀದಿ ಸಿದ್ದಪ್ಪ ಚುಚ್ಚಿಸಿಕೊಂಡ ವಾರಕ್ಕೆ ಹೋದನಲ್ಲ, ಅದು ಯಾಕೆ?" ಎಂದರು. ನಾವು ಮತ್ತೆ ಶೇಕಡಾವಾರಿಗೆ ಹೋದೆವು. "ಆಯ್ತು ಮಗ, ನೋಡೋಣ" ಎಂದು ಫೋನು ಇಟ್ಟರು. ಎರಡು ತಿಂಗಳು ಹಾಗೆಯೇ ಕಳೆಯಿತು. ಮೇ ತಿಂಗಳಲ್ಲಿ ಎದುರುಮನೆಯ ಅವರ ಗೆಳೆಯರು ಕೊರೋನಾದಿಂದ ತೀರಿಕೊಂಡರು.

ಆ ವಾರ ಊರಿನ ಆಶಾ ಕಾರ್ಯಕರ್ತೆ ಮನೆಗೆ ಬಂದರಂತೆ. ಜಗುಲಿಯಲ್ಲಿ ಕುಳಿತು ಮೊದಲು ಸಿದ್ದಪ್ಪನವರ ವಿಷಯ ಪೂರ್ತಿ ಕೇಳಿಸಿಕೊಂಡರು. ಅವರಿಗೆ ಮೊದಲೇ ಎರಡು ಸಲ ಹೃದಯದ ತೊಂದರೆ ಆಗಿದ್ದುದು ಆಕೆಗೆ ಗೊತ್ತಿತ್ತು. ಆಸ್ಪತ್ರೆಗೆ ಕರೆದೊಯ್ದವರೇ ಆಕೆ. ಆಮೇಲೆ ತಮ್ಮ ರವಿಕೆಯ ತೋಳು ಮೇಲೆ ಮಾಡಿ, "ನನಗೂ ಹಾಕವ್ರೆ ತಾತ. ಎರಡು ದಿನ ನೋವಿತ್ತು, ಜ್ವರ ಬಂತು, ಹೋಯ್ತು" ಎಂದರು. ಮರುದಿನ ತಾತ ತಾವಾಗಿಯೇ ಆರೋಗ್ಯ ಕೇಂದ್ರಕ್ಕೆ ನಡೆದುಕೊಂಡು ಹೋದರು.

ವಾರ ಕಳೆದ ಮೇಲೆ ನಮಗೆ ಫೋನು ಬಂತು. ತಾತನವರ ತೋಳಿನಲ್ಲಿಯೂ ಚಿಕ್ಕಂದಿನ ದಾಕಿನ ಎರಡು ಕಲೆಗಳಿವೆ. ಅವರ ದೂರು ಇಷ್ಟೇ: "ಈ ಸಲ ಕಲೆಯೇ ಬೀಳಲಿಲ್ಲವಲ್ಲ ಮಗ. ಮದ್ದು ನಿಜವಾಗಿ ಹಾಕಿದರೋ, ಬರಿಯ ಸೂಜಿ ಚುಚ್ಚಿ ಕಳಿಸಿದರೋ?"