ಶಾಲೆಯ ಗಂಟೆ, ಬಯಲುಸೀಮೆಯ ಬಿಸಿಲು

ಚಳ್ಳಕೆರೆ ಕಡೆಯ ಹಳ್ಳಿ ಶಾಲೆಗಳಲ್ಲಿ ಶನಿವಾರಕ್ಕೆ ಬೇರೆಯದೇ ಕಳೆ. ಬೆಳಗಿನ ಶಾಲೆ. ಪ್ರಾರ್ಥನೆ ಮುಗಿದಾಗ ಬೇವಿನ ನೆರಳು ಇನ್ನೂ ಅಂಗಳದ ಉದ್ದಕ್ಕೂ ಚಾಚಿರುತ್ತದೆ. ಹೇಳಿದ ಲೆಕ್ಕ ತಲೆಗೆ ಹತ್ತುತ್ತದೆ. ಅದೇ ಮಕ್ಕಳು ಮಾರ್ಚ್ ತಿಂಗಳ ಮಧ್ಯಾಹ್ನ ಬಿಸಿಯೂಟ ಮುಗಿಸಿ ಶೀಟಿನ ಮಾಡಿನಡಿ ಕೂತರೆ ಕಣ್ಣು ಎಳೆಯುತ್ತದೆ.

ಹಾಗೆಂದು ಬೆಳಗು, ಮಧ್ಯಾಹ್ನ ಎಂದು ಶಾಲೆಯನ್ನು ಒಡೆಯುವ ಪಾಳಿ ಪದ್ಧತಿ ಬೆಳೆದದ್ದು ಕಲಿಕೆಯ ಚಿಂತೆಯಿಂದಲ್ಲ, ಹೆಚ್ಚಾಗಿ ಕೊಠಡಿ ಮತ್ತು ಮೇಷ್ಟ್ರ ಕೊರತೆಯಿಂದ. 1953ರಲ್ಲಿ ಮದ್ರಾಸ್ ಮುಖ್ಯಮಂತ್ರಿ ರಾಜಾಜಿ ಹಳ್ಳಿಯ ಪ್ರಾಥಮಿಕ ಶಾಲೆಗಳನ್ನು ಮೂರು ಮೂರು ಗಂಟೆಯ ಎರಡು ಪಾಳಿಗೆ ಒಡೆದರು. ಉಳಿದ ಹೊತ್ತು ಮಗು ಅಪ್ಪನ ಕಸುಬು ಕಲಿಯಲಿ ಎಂದರು. ಮದ್ರಾಸ್ ನಮಗೆ ದೂರದ್ದಲ್ಲ; ಮೊಳಕಾಲ್ಮುರಿನ ನೆರೆಯ ರಾಯದುರ್ಗ ಆ ವರ್ಷದ ಅಕ್ಟೋಬರ್ 1ರವರೆಗೆ ಮದ್ರಾಸ್ ರಾಜ್ಯದ್ದೇ. ರಾಜಾಜಿಯ ಈ ಯೋಜನೆ ಕುಲಕಸುಬಿಗೆ ಮಕ್ಕಳನ್ನು ಕಟ್ಟಿಹಾಕುವ ಹುನ್ನಾರವೆಂದು ಜನ ತಿರುಗಿಬಿದ್ದರು. 1954ರಲ್ಲಿ ಅವರ ನಂತರ ಮುಖ್ಯಮಂತ್ರಿಯಾದ ಕಾಮರಾಜ್ ಅದನ್ನು ಕೈಬಿಟ್ಟರು. ಮೊಳಕಾಲ್ಮುರಿನ ಕುಣಿಮಗ್ಗದ ಮನೆ ಹೊಕ್ಕವರಿಗೆ ಆ ಸಿಟ್ಟು ಅರ್ಥವಾಗುತ್ತದೆ. ಅಪ್ಪ ಗುಂಡಿಯಲ್ಲಿ ಕಾಲು ಇಳಿಬಿಟ್ಟು ರೇಷ್ಮೆ ನೇಯುತ್ತಾನೆ, ಅವ್ವ ರಾಟೆಯಲ್ಲಿ ಕಂಡಿಕೆ ಸುತ್ತುತ್ತಾಳೆ. ಅರ್ಧ ದಿನಕ್ಕೇ ಮನೆಗೆ ಬಂದ ಹುಡುಗಿ ಪುಸ್ತಕ ಬಿಚ್ಚುವ ಮೊದಲೇ ಆ ರಾಟೆ ಅವಳನ್ನು ಕರೆಯುತ್ತದೆ.

ಕಲಿಕೆಯ ಲೆಕ್ಕ ಬಂದದ್ದು ತಡವಾಗಿ. ಚಿಲಿ ದೇಶ 1997ರಲ್ಲಿ ಅರ್ಧ ದಿನದ ಪಾಳಿಗಳನ್ನು ಬಿಟ್ಟು ಪೂರ್ಣ ದಿನದ ಶಾಲೆಗೆ ಹೊರಳಿತು. ಅಂಕ ಏರಿತು, ಆದರೆ ಅಲ್ಪವೇ. 2016ರಲ್ಲಿ ಲಾಸ್ ಏಂಜಲೀಸ್ ಶಾಲೆಗಳ ಅಧ್ಯಯನವೊಂದು ಬೆಳಗ್ಗೆ ಗಣಿತ ಕಲಿತವರ ಅಂಕ ಹೆಚ್ಚೆಂದು ತೋರಿಸಿತು. ಅದೇ ವರ್ಷ ಡೆನ್ಮಾರ್ಕಿನ ಶಾಲೆಗಳನ್ನು ಅಧ್ಯಯನ ಮಾಡಿದವರು ಹೊತ್ತು ಏರಿದಂತೆ ಪರೀಕ್ಷೆಯ ಅಂಕ ಇಳಿಯುತ್ತದೆ, ನಡುವೆ ಬಿಡುವು ಕೊಟ್ಟರೆ ಚೇತರಿಸಿಕೊಳ್ಳುತ್ತದೆ ಎಂದರು. ನನಗೆ ಮುಖ್ಯವಾಗಿ ಕಾಣುವುದು ಈ ಬಿಡುವು. ಉಂಡ ಕೂಡಲೇ ಬೋರ್ಡಿನ ಮುಂದೆ ಕೂರಿಸುವ ಬದಲು ಅರ್ಧ ಗಂಟೆ ಮರದಡಿ ಬಿಡಲು ಯಾವ ಅನುದಾನವೂ ಬೇಡ.

ನಮ್ಮ ದೇಶದ ಮೇಲೆ ನಡೆದ ಕೆಲಸ ಇನ್ನೂ ಹತ್ತಿರದ್ದು. 2020ರಲ್ಲಿ ಗರ್ಗ್, ಜಗ್ನಾನಿ, ತರಾಜ್ ಎಂಬ ಅರ್ಥಶಾಸ್ತ್ರಜ್ಞರು, 29 ಡಿಗ್ರಿ ಮೀರಿದ ದಿನಗಳು ಹೆಚ್ಚಿದಂತೆ ಮರುವರ್ಷ ಮಕ್ಕಳ ಗಣಿತ, ಓದು ಎರಡೂ ಕುಗ್ಗುತ್ತವೆ ಎಂದು ಕಂಡುಕೊಂಡರು. ಕಾರಣವನ್ನು ಅವರು ಗುರುತಿಸಿದ್ದು ಹೊಲದಲ್ಲಿ: ಬೆಳೆ ಸೊರಗುತ್ತದೆ, ಮನೆಯ ವರಮಾನ ಇಳಿಯುತ್ತದೆ. ಶೇಂಗಾ ನಂಬಿದ ಚಳ್ಳಕೆರೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶೇಂಗಾ ಒಣಗಿದ ವರ್ಷ ಬೆಳಗಿನ ಗಂಟೆಯೊಂದೇ ಮಗುವನ್ನು ಕಾಯಲಾರದು.

ಗಡಿಯಾಚೆ ಆಂಧ್ರದಲ್ಲಿ ಮಾರ್ಚ್ ಮಧ್ಯಕ್ಕೇ ‘ಒಂಟಿಪೂಟ ಬಡಿ’ ಶುರುವಾಗುವುದು ರೂಢಿ. ಮಧ್ಯಾಹ್ನದ ಹೊತ್ತಿಗೆ ಮಕ್ಕಳು ಮನೆಗೆ. ಈಚೆ ನಮ್ಮ ಮಕ್ಕಳು ಏಪ್ರಿಲ್ ರಜೆಯವರೆಗೂ ಸಂಜೆತನಕ ಕೂರುತ್ತಾರೆ. ಆದರೂ ಅವಧಿಯನ್ನೇ ಮೊಟಕು ಮಾಡುವುದನ್ನು ನಾನು ಒಪ್ಪಲಾರೆ. ಶಿಕ್ಷಣ ಹಕ್ಕು ಕಾಯ್ದೆ ಐದನೇ ತರಗತಿವರೆಗೆ ವರ್ಷಕ್ಕೆ 800, ಆರರಿಂದ ಎಂಟಕ್ಕೆ 1000 ಬೋಧನಾ ಗಂಟೆ ಕೇಳುತ್ತದೆ; ಮನೆಪಾಠಕ್ಕೆ ದುಡ್ಡಿಲ್ಲದ ಮಗುವಿಗೆ ಇರುವುದು ಅಷ್ಟೇ ಗಂಟೆ. ಬೇಸಿಗೆಯಲ್ಲಿ ವೇಳೆಯನ್ನು ಬೆಳಗಿಗೆ ಸರಿಸಬೇಕು, ಕತ್ತರಿಸಬಾರದು. ಹಾಗೆ ಸರಿಸುವಾಗ ಹಟ್ಟಿಯಿಂದ ನಡೆದು ಬರುವ ಹುಡುಗಿ ಎಷ್ಟೊತ್ತಿಗೆ ನೀರು ತುಂಬಿಟ್ಟು ಹೊರಡಬೇಕು, ಅಡುಗೆಯವರು ಎಷ್ಟೊತ್ತಿಗೆ ಒಲೆ ಹಚ್ಚಬೇಕು ಎಂಬುದನ್ನು ಅವರನ್ನೇ ಕೇಳಿ ವೇಳಾಪಟ್ಟಿ ಬರೆಯಬೇಕು.