ಎರಡು ರಾಜಧಾನಿಗಳ ನಡುವಣ ತ್ವೇರ್: ಒಂದು ರಷ್ಯನ್ ಪ್ರಾಂತದ ಭೂಗೋಳ ಮತ್ತು ಆಡಳಿತ

ಬಹಮನಿ ಕಾಲದ ಬೀದರಿನ ಚರಿತ್ರೆಯನ್ನು ಅಭ್ಯಾಸ ಮಾಡುವವರಿಗೆ ಅಫನಾಸಿ ನಿಕಿಟಿನ್ ಎಂಬ ರಷ್ಯನ್ ವರ್ತಕನ ಹೆಸರು ಚಿರಪರಿಚಿತ. 15ನೆಯ ಶತಮಾನದ ಉತ್ತರಾರ್ಧದಲ್ಲಿ ಬೀದರಿಗೆ ಬಂದ ಈತನು ಸುಲ್ತಾನನ ಮೆರವಣಿಗೆಯ ವೈಭವವನ್ನೂ ಸಾಮಾನ್ಯ ಜನರ ಬಡತನವನ್ನೂ ಒಟ್ಟಿಗೆ ದಾಖಲಿಸಿದನು. ಅವನು ಹೊರಟು ಬಂದ ತ್ವೇರ್ ಎಂತಹ ನಾಡು, ಅದರ ಮುಂದಿನ ಗತಿ ಏನಾಯಿತು ಎಂಬುದೂ ಇತಿಹಾಸದ ಅಭ್ಯಾಸಿಗೆ ಮುಖ್ಯವಾದ ಪ್ರಶ್ನೆಯೇ. ನದಿಗಳು ರೂಪಿಸಿದ ಒಂದು ನಾಡನ್ನು ಹೊರಗಿನ ರಾಜಧಾನಿಗಳು ತಮ್ಮ ಅಗತ್ಯಕ್ಕೆ ತಕ್ಕಂತೆ ಹೇಗೆ ಮತ್ತೆ ಮತ್ತೆ ವಿಭಜಿಸಿ ಜೋಡಿಸಿದವು ಎಂಬುದನ್ನು ಪ್ರಸ್ತುತ ಪ್ರಬಂಧದಲ್ಲಿ ವಿವೇಚಿಸಲಾಗಿದೆ.

ನೆಲ ಮತ್ತು ನೀರು

ಇಂದಿನ ತ್ವೇರ್ ಒಬ್ಲಾಸ್ತ್ (ಪ್ರಾಂತ) ಮಾಸ್ಕೋ ಮತ್ತು ಸೇಂಟ್ ಪೀಟರ್ಸ್‌ಬರ್ಗ್ ನಗರಗಳ ನಡುವೆ ಹಬ್ಬಿದೆ. ಇದರ ವಿಸ್ತೀರ್ಣ ಸುಮಾರು 84,200 ಚದರ ಕಿ.ಮೀ., ಅಂದರೆ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಕಾಡು, ಜೌಗು ನೆಲ ಮತ್ತು ಸರೋವರಗಳಿಂದ ಕೂಡಿದ ಇದರ ಪಶ್ಚಿಮಭಾಗದಲ್ಲಿ ವಲ್ದಾಯ್ ಎತ್ತರದ ಪ್ರದೇಶವಿದೆ. ಸಮುದ್ರಮಟ್ಟದಿಂದ ಕೇವಲ 228 ಮೀ. ಎತ್ತರದಲ್ಲಿ, ವೋಲ್ಗೊವೆರ್ಖೋವ್ಯೆ ಎಂಬ ಹಳ್ಳಿಯ ಬಳಿ, ಯೂರೋಪಿನ ಅತಿ ಉದ್ದದ ನದಿಯಾದ ವೋಲ್ಗಾ ಹುಟ್ಟುತ್ತದೆ. ಅಲ್ಲಿಂದ 3,530 ಕಿ.ಮೀ. ಹರಿದು ಅದು ಕ್ಯಾಸ್ಪಿಯನ್ ಸಮುದ್ರವನ್ನು ಸೇರುತ್ತದೆ. ಇದೇ ಪ್ರಾಂತದಲ್ಲಿ ಹುಟ್ಟುವ ಪಶ್ಚಿಮ ದ್ವಿನಾ ನದಿಯಾದರೋ ಬಾಲ್ಟಿಕ್ ಕಡೆಗೆ ಹರಿಯುತ್ತದೆ. ಹೀಗೆ ಎರಡು ಸಮುದ್ರಗಳ ಜಲವಿಭಾಜಕದ ಮೇಲೆ ನೆಲೆಸಿರುವುದೇ ಈ ನಾಡಿನ ಚರಿತ್ರೆಯ ಮೂಲಸೂತ್ರವಾಗಿದೆ.

ತ್ವೆರ್ತ್ಸಾ ನದಿಯು ವೋಲ್ಗಾವನ್ನು ಕೂಡುವಲ್ಲಿ ತ್ವೇರ್ ನಗರ ಬೆಳೆಯಿತು. 13ನೆಯ ಶತಮಾನದ ಮಧ್ಯಭಾಗದಲ್ಲಿ ಪ್ರತ್ಯೇಕ ರಾಜ್ಯವಾಗಿ ರೂಪುಗೊಂಡ ತ್ವೇರ್, ರಷ್ಯದ ನಾಯಕತ್ವಕ್ಕಾಗಿ ಮಾಸ್ಕೋದೊಡನೆ ಸೆಣಸಿತು. 1327ರಲ್ಲಿ ಇಲ್ಲಿ ತಾತಾರರ ವಿರುದ್ಧ ದಂಗೆಯೆದ್ದಾಗ, ಮಾಸ್ಕೋದ ದೊರೆ ಇವಾನ್ ಕಲಿತಾ ತಾತಾರ ಸೈನ್ಯದೊಡನೆ ಬಂದು ನಾಡನ್ನು ಹಾಳುಗೆಡವಿದನು. ನಿಕಿಟಿನ್ ವೋಲ್ಗಾದ ಮೇಲೆ ಪ್ರಯಾಣ ಹೊರಟಾಗ ತ್ವೇರ್ ಇನ್ನೂ ಸ್ವತಂತ್ರವಾಗಿಯೇ ಇತ್ತು. ಅವನು ಊರು ತಲುಪದೆ ಸ್ಮೋಲೆನ್ಸ್ಕ್ ಸಮೀಪ ತೀರಿಕೊಂಡನು. ಅವನ ಬರಹ ಮಾತ್ರ ಮಾಸ್ಕೋ ಸೇರಿತು. 1485ರಲ್ಲಿ ಮೂರನೆಯ ಇವಾನನು ತ್ವೇರನ್ನೇ ಮಾಸ್ಕೋಗೆ ಸೇರಿಸಿಕೊಂಡನು.

ಕಾಲುವೆ, ಗುಬೇರ್ನಿಯ, ಜೆಮ್ಸ್ತ್ವೋ

ಪೀಟರ್ ದೊರೆಯು ಬಾಲ್ಟಿಕ್ ತೀರದಲ್ಲಿ ಹೊಸ ರಾಜಧಾನಿಯನ್ನು ಕಟ್ಟಿದಾಗ ಅದಕ್ಕೆ ಧಾನ್ಯ ಒದಗಿಸುವ ಹೊಣೆ ಈ ಜಲಮಾರ್ಗದ ಮೇಲೆ ಬಿದ್ದಿತು. 1703ರಿಂದ 1709ರವರೆಗೆ ವಿಶ್ನಿ ವೊಲೊಚೋಕ್ ಎಂಬಲ್ಲಿ ತೋಡಿದ ಕಾಲುವೆ ತ್ವೆರ್ತ್ಸಾ ಮತ್ತು ತ್ಸ್ನಾ ನದಿಗಳನ್ನು ಜೋಡಿಸಿ ವೋಲ್ಗಾವನ್ನು ಬಾಲ್ಟಿಕ್‌ಗೆ ಕೂಡಿಸಿತು. ಪೂರ್ವದಲ್ಲಿ ಜನರು ದೋಣಿಗಳನ್ನು ನೆಲದ ಮೇಲೆ ಎಳೆದು ದಾಟಿಸುತ್ತಿದ್ದ ಸ್ಥಳವೇ ಇದು; ಊರಿನ ಹೆಸರೂ ಅದನ್ನೇ ಸೂಚಿಸುತ್ತದೆ.

1763ರ ಬೆಂಕಿಯಲ್ಲಿ ತ್ವೇರ್ ಬಹುಪಾಲು ಸುಟ್ಟುಹೋಯಿತು. ಎರಡನೆಯ ಕ್ಯಾಥರೀನ್ ರಾಣಿ ಅದನ್ನು ನೇರ ಬೀದಿಗಳ ಮಾದರಿ ನಗರವಾಗಿ ಕಟ್ಟಿಸಿದಳು. 1775ರಲ್ಲಿ ಅವಳು ಹೊರಡಿಸಿದ ಪ್ರಾಂತಾಡಳಿತದ ಶಾಸನವು ಮೊದಲು ಜಾರಿಗೆ ಬಂದ ಪ್ರದೇಶಗಳಲ್ಲಿ ತ್ವೇರ್ ಒಂದು. ಶಾಸನದ ರಚನೆಗೆ ನೆರವಾಗಿದ್ದ ಯಾಕೊಬ್ ಸೀವರ್ಸ್ ಇಲ್ಲಿ ಮಹಾಪ್ರಾಂತಾಧಿಪತಿಯಾಗಿದ್ದನು. ಕಂದಾಯದ ಲೆಕ್ಕಕ್ಕೆ ಸೇರಿದ 3ರಿಂದ 4 ಲಕ್ಷ ಜನರಿಗೆ ಒಂದು ಪ್ರಾಂತ, 20ರಿಂದ 30 ಸಾವಿರ ಜನರಿಗೆ ಒಂದು ಉಯೆಜ್ದ್ (ನಮ್ಮ ತಾಲ್ಲೂಕನ್ನು ಹೋಲುವ ವಿಭಾಗ) ಎಂಬುದು ಅದರ ಅಳತೆ. ಎಲ್ಲೆಗಳನ್ನು ನಿರ್ಧರಿಸಿದ್ದು ರೂಢಿಯಲ್ಲ, ತಲೆಯೆಣಿಕೆ ಎಂಬುದು ಗಮನಾರ್ಹ. ಆದರೂ ಕಾಶಿನ್, ತೊರ್ಝೋಕ್, ರ್ಝೆವ್ ಮುಂತಾದ ಹಳೆಯ ಪಟ್ಟಣಗಳೇ ಉಯೆಜ್ದ್‌ಗಳ ಕೇಂದ್ರಗಳಾದವು. 19ನೆಯ ಶತಮಾನದಲ್ಲಿ 12 ಉಯೆಜ್ದ್‌ಗಳಿದ್ದ ಈ ಗುಬೇರ್ನಿಯದಲ್ಲಿ 1897ರ ಜನಗಣತಿಯಂತೆ 17,69,135 ಜನರಿದ್ದರು.

ರಾಜಧಾನಿಗಳ ಸಾಮೀಪ್ಯವು ಈ ಪ್ರಾಂತಕ್ಕೆ ರಾಜಕೀಯ ಎಚ್ಚರವನ್ನೂ ತಂದುಕೊಟ್ಟಿತು. ವಿಡಂಬನಕಾರ ಸಾಲ್ತಿಕೋವ್-ಶ್ಚೆದ್ರಿನ್ 1860–62ರಲ್ಲಿ ಇಲ್ಲಿ ಉಪಪ್ರಾಂತಾಧಿಪತಿಯಾಗಿದ್ದನು. 1862ರಲ್ಲಿ ತ್ವೇರ್‌ನ ಶ್ರೀಮಂತ ವರ್ಗದವರು ತಮ್ಮ ವಿಶೇಷ ಹಕ್ಕುಗಳನ್ನು ಬಿಟ್ಟುಕೊಡಲು ಸಿದ್ಧರಾಗಿ, ಇಡೀ ದೇಶದ ಚುನಾಯಿತರ ಸಭೆಯನ್ನು ಕರೆಯಬೇಕೆಂದು ಚಕ್ರವರ್ತಿಯನ್ನು ಕೋರಿದರು. ಇದನ್ನು ಬೆಂಬಲಿಸಿದ 13 ಮಂದಿ ಸಂಧಾನಾಧಿಕಾರಿಗಳು ಸೆರೆಮನೆ ಸೇರಿದರು. 1864ರ ಬಳಿಕ ಸ್ಥಾಪಿತವಾದ ಜೆಮ್ಸ್ತ್ವೋ ಎಂಬ ಸ್ಥಳೀಯ ಸಂಸ್ಥೆ ಶಾಲೆ, ಆಸ್ಪತ್ರೆ, ರಸ್ತೆಗಳನ್ನು ನೋಡಿಕೊಂಡಿತು. ಇದೇ ಸಂಸ್ಥೆಯು ಆಡಳಿತದಲ್ಲಿ ಜನರ ಮಾತಿಗೆ ಮನ್ನಣೆ ಬೇಡಿ ಸಲ್ಲಿಸಿದ ಮನವಿಯ ಹಿನ್ನೆಲೆಯಲ್ಲಿ, 1895ರ ಜನವರಿಯಲ್ಲಿ ಎರಡನೆಯ ನಿಕೊಲಸ್ ಅಂತಹ ಆಸೆಗಳನ್ನು ಅರ್ಥಹೀನ ಕನಸುಗಳೆಂದು ತಳ್ಳಿಹಾಕಿದನು.

ಅಳಿಸಿದ ಗೆರೆಗಳು, ಮುಳುಗಿದ ಊರುಗಳು

ಸೋವಿಯತ್ ಆಡಳಿತವು 1929ರಲ್ಲಿ ಗುಬೇರ್ನಿಯವನ್ನು ರದ್ದುಪಡಿಸಿ, ಅದರ ಬಹುಭಾಗವನ್ನು ಮಾಸ್ಕೋ ಪ್ರಾಂತಕ್ಕೂ ರ್ಝೆವ್ ಭಾಗವನ್ನು ಪಶ್ಚಿಮ ಪ್ರಾಂತಕ್ಕೂ ಹಂಚಿತು. 1931ರಲ್ಲಿ ತ್ವೇರ್ ನಗರಕ್ಕೆ ಈ ನಾಡಿನವನೇ ಆದ ಮಿಖಾಯಿಲ್ ಕಲೀನಿನ್ ಹೆಸರಿಡಲಾಯಿತು. 1935ರಲ್ಲಿ ಕಲೀನಿನ್ ಒಬ್ಲಾಸ್ತ್ ರಚಿತವಾಯಿತು. ಸಾಲ್ತಿಕೋವ್-ಶ್ಚೆದ್ರಿನ್ ಹುಟ್ಟಿದ ಸ್ಪಾಸ್-ಉಗೋಲ್ ಹಳ್ಳಿ ಒಂದು ಕಾಲಕ್ಕೆ ತ್ವೇರ್ ಗುಬೇರ್ನಿಯಕ್ಕೆ ಸೇರಿತ್ತು. ಇಂದು ಅದು ಮಾಸ್ಕೋ ಪ್ರಾಂತದಲ್ಲಿದೆ.

ಗೆರೆಗಳ ಬದಲಾವಣೆಯಿಂದ ಹೆಚ್ಚು ನಷ್ಟ ಅನುಭವಿಸಿದವರಲ್ಲಿ ಕರೇಲಿಯನರು ಮುಖ್ಯರು. 1617ರ ಸ್ತೊಲ್ಬೋವೊ ಒಪ್ಪಂದದಿಂದ ತಮ್ಮ ನಾಡು ಸ್ವೀಡನ್ನಿನ ಪಾಲಾದ ಮೇಲೆ ಇತ್ತ ವಲಸೆ ಬಂದ ಇವರ ಸಂಖ್ಯೆ 1926ರಲ್ಲಿ ಸುಮಾರು 1,40,000 ಇತ್ತು. 1937ರಲ್ಲಿ ಲಿಖೊಸ್ಲಾವ್ಲ್ ಕೇಂದ್ರವಾಗಿ ಇವರಿಗೊಂದು ರಾಷ್ಟ್ರೀಯ ಜಿಲ್ಲೆ ಏರ್ಪಟ್ಟಿತಾದರೂ 1939ರಲ್ಲಿಯೇ ಅದನ್ನು ರದ್ದುಮಾಡಲಾಯಿತು. ಶಾಲೆಗಳಲ್ಲಿ ಅವರ ಭಾಷೆಯ ಬೋಧನೆಯೂ ನಿಂತಿತು. 2002ರ ಜನಗಣತಿಯಲ್ಲಿ ತಮ್ಮನ್ನು ಕರೇಲಿಯನರೆಂದು ಹೇಳಿಕೊಂಡವರು 15,000ಕ್ಕಿಂತ ಕಡಿಮೆ.

ನಾಡನ್ನು ಸಾಕಿದ ನೀರೇ ಅದರ ಊರುಗಳನ್ನು ನುಂಗಿದ್ದೂ ಇದೇ ದಶಕದಲ್ಲಿ. ಮಾಸ್ಕೋ ನಗರಕ್ಕೆ ನೀರು ಮತ್ತು ನೌಕಾಮಾರ್ಗ ಒದಗಿಸಲು 1937ರಲ್ಲಿ ತುಂಬಿಸಿದ ಇವಾನ್ಕೊವೊ ಜಲಾಶಯದಲ್ಲಿ, ಒಂದು ಉಯೆಜ್ದ್‌ನ ಕೇಂದ್ರವಾಗಿದ್ದ ಕೊರ್ಚೆವಾ ಪಟ್ಟಣ ಇಲ್ಲವಾಯಿತು. ಅಲ್ಲಿನ ನಿವಾಸಿಗಳು ಕೊನಾಕೊವೊಗೆ ತೆರಳಿದರು. ಬಳಿಕ ಉಗ್ಲಿಚ್ ಜಲಾಶಯವು ಕಲ್ಯಾಝಿನ್‌ನ ಹಳೆಯ ಭಾಗವನ್ನು ಮುಳುಗಿಸಿತು. ನೀರಿನ ನಡುವೆ ಒಂಟಿಯಾಗಿ ನಿಂತ ಚರ್ಚಿನ ಗಂಟೆಗೋಪುರ ಇಂದಿಗೂ ಅದಕ್ಕೆ ಸಾಕ್ಷಿಯಾಗಿದೆ. 1941ರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಕಲೀನಿನ್ ನಗರ ಜರ್ಮನರ ವಶದಲ್ಲಿತ್ತು. ರ್ಝೆವ್ ಬಿಡುಗಡೆಯಾದದ್ದು 1943ರ ಮಾರ್ಚ್‌ನಲ್ಲಿ, ಅಪಾರ ಸಾವುನೋವಿನ ಬಳಿಕ.

ಉಪಸಂಹಾರ

1990ರಲ್ಲಿ ನಗರ ಮತ್ತು ಪ್ರಾಂತ ಎರಡಕ್ಕೂ ತ್ವೇರ್ ಎಂಬ ಹೆಸರು ಮರಳಿತು. 1993ರ ಸಂವಿಧಾನದಡಿ ಗವರ್ನರ್ ಮತ್ತು ಶಾಸನಸಭೆಗಳುಳ್ಳ ಆಡಳಿತ ಏರ್ಪಟ್ಟಿತು. ಗವರ್ನರುಗಳ ನೇರ ಚುನಾವಣೆಯನ್ನು 2004ರ ಕೊನೆಯಲ್ಲಿ ಕೇಂದ್ರ ಸರ್ಕಾರವು ದೇಶದಾದ್ಯಂತ ರದ್ದುಪಡಿಸಿತು; 2012ರಲ್ಲಿ ಅದು ಮತ್ತೆ ಜಾರಿಗೆ ಬಂದಿತು. ಈ ನಡುವೆ ಜನಸಂಖ್ಯೆಯು 1989ರ ಸುಮಾರು 16.7 ಲಕ್ಷದಿಂದ 2021ರಲ್ಲಿ 12.3 ಲಕ್ಷಕ್ಕೆ ಇಳಿಯಿತು.

ಒಟ್ಟಿನಲ್ಲಿ, ಜಲಮಾರ್ಗದಿಂದಲೇ ಸಿರಿವಂತವಾದ ತ್ವೇರ್, ಅದೇ ಮಾರ್ಗ ತನ್ನನ್ನು ಎರಡು ರಾಜಧಾನಿಗಳಿಗೆ ಬಿಗಿದುದರ ಬೆಲೆಯನ್ನೂ ತೆರಬೇಕಾಯಿತು. ಎಲ್ಲೆಗಳು ಬದಲಾದಾಗ ಬದಲಾಗುವುದು ನಕಾಶೆ ಮಾತ್ರವಲ್ಲ. ಒಂದು ಭಾಷೆಯ ಶಾಲೆ, ಒಂದು ಪಟ್ಟಣದ ಅಸ್ತಿತ್ವವೂ ಅದರೊಡನೆ ನಿರ್ಣಯವಾಗುತ್ತವೆ ಎಂಬುದನ್ನು ಕೊರ್ಚೆವಾ ಮತ್ತು ಕರೇಲಿಯನರ ಚರಿತ್ರೆ ಸ್ಪಷ್ಟಪಡಿಸುತ್ತದೆ.