ಮಂಗಳೂರಿನ ದಾರಿ: ಪಟ್ಟಣವಾಸದ ಗುಣದೋಷವಿಚಾರ

ಕಾಸರಗೋಡು ಸೀಮೆಯ ಕನ್ನಡ ಮನೆಗಳಲ್ಲಿ ಬಹುಕಾಲದಿಂದ ಕೇಳಿಬರುತ್ತಿರುವ ಪ್ರಶ್ನೆಯೊಂದುಂಟು: ಮಂಗಳೂರಿಗೆ ಹೋಗಿ ನೆಲಸುವುದೇ, ಇದ್ದ ಊರಿನಲ್ಲಿಯೇ ನಿಲ್ಲುವುದೇ? ಮಗನು ಹತ್ತನೆಯ ತರಗತಿಯನ್ನು ಮುಗಿಸಿದಾಗ, ಮನೆಯ ಹಿರಿಯರಿಗೆ ದೀರ್ಘವ್ಯಾಧಿ ಕಾಡಿದಾಗ, ಅಡಿಕೆಯ ಧಾರಣೆ ಕುಸಿದಾಗ, ಈ ಪ್ರಶ್ನೆ ಜಗಲಿಯ ಮೇಲೆ ಬಂದು ಕುಳಿತುಕೊಳ್ಳುತ್ತದೆ. ಒಂದೊಂದು ಮನೆಯವರೂ ಇದನ್ನು ತಮ್ಮ ಸ್ವಂತ ಸಮಸ್ಯೆಯೆಂದೇ ಭಾವಿಸಿ ಬಿಡಿಸಿಕೊಳ್ಳುತ್ತಾರೆ. ಆದರೆ ಇದಕ್ಕೆ ಇನ್ನೂರು ವರ್ಷಗಳಿಗೂ ಮಿಕ್ಕ ಇತಿಹಾಸವಿದೆ. ಆ ಇತಿಹಾಸವನ್ನು ಅರಿತು ತೂಗಿದರೆ ತಕ್ಕಡಿಯ ಮುಳ್ಳು ಸರಿಯಾದ ಕಡೆಗೆ ನಿಲ್ಲಬಹುದೆಂಬ ಭಾವನೆಯಿಂದ ಈ ಲೇಖನವನ್ನು ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ನಗರದ ಮಾತು. ಮಂಗಳೂರು ಬೊಂಬಾಯಿ ಮದರಾಸುಗಳಂತೆ ಮಹಾನಗರವಲ್ಲ. ಕುಂಬಳೆ ಬದಿಯಡ್ಕಗಳಂತೆ ಸಣ್ಣ ಪೇಟೆಯೂ ಅಲ್ಲ. ಅದು ನಡುತರದ ನಗರ. 1901ನೆಯ ಇಸವಿಯ ಜನಗಣತಿಯಲ್ಲಿ ಸುಮಾರು 44 ಸಾವಿರ ಜನರಿದ್ದ ಆ ಊರಿನ ಜನಸಂಖ್ಯೆ 2011ರ ಜನಗಣತಿಯ ವೇಳೆಗೆ ಸುಮಾರು 5 ಲಕ್ಷವನ್ನು ಮುಟ್ಟಿತ್ತು. ಕಾಸರಗೋಡಿನಿಂದ ಅಲ್ಲಿಗೆ ಸುಮಾರು 50 ಕಿಲೋಮೀಟರು. ಮಂಜೇಶ್ವರದಿಂದ ಅದರ ಅರ್ಧದಷ್ಟೂ ಇಲ್ಲ. ನಮ್ಮ ರಾಜ್ಯದ ರಾಜಧಾನಿಯಾದ ತಿರುವನಂತಪುರವಾದರೋ 500 ಕಿಲೋಮೀಟರುಗಳಿಗೂ ಆಚೆ ಇದೆ. ಬೊಂಬಾಯಿಗೆ ಹೋದವನು ವರ್ಷಕ್ಕೊಮ್ಮೆ ನೇಮಕ್ಕೋ ಮದುವೆಗೋ ಬರುತ್ತಾನೆ; ಮಂಗಳೂರಿಗೆ ಹೋದವನು ಸಂಜೆಯ ರೈಲಿನಲ್ಲಿ ಮನೆಗೆ ಬಂದು ಊಟ ಮಾಡಬಲ್ಲನು. ನಡುತರದ ನಗರದ ಆಕರ್ಷಣೆ ಇರುವುದೇ ಇಲ್ಲಿ. ಅದು ದೊಡ್ಡದೂ ಹೌದು, ಹತ್ತಿರವೂ ಹೌದು.

ಈ ಹತ್ತಿರವು ಕೇವಲ ಮೈಲಿಗಲ್ಲುಗಳ ಹತ್ತಿರವಲ್ಲ. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ ಕನ್ನಡ ಜಿಲ್ಲೆಯು ಇಂಗ್ಲಿಷರ ಕೈಸೇರಿತು. ತಾಮಸ್ ಮನ್ರೋ ಅದರ ಕಲೆಕ್ಟರನಾಗಿ ಬಂದನು. 1862ರಲ್ಲಿ ಉತ್ತರ ಕನ್ನಡವು ಬೊಂಬಾಯಿ ಪ್ರಾಂತಕ್ಕೆ ಸೇರಿದ ಮೇಲೆಯೂ ದಕ್ಷಿಣ ಕನ್ನಡವು ಮದರಾಸು ಪ್ರಾಂತದಲ್ಲಿಯೇ ಉಳಿಯಿತು. ಮೊದಲು ಬೇಕಲ ತಾಲೂಕೆಂದೂ ಅನಂತರ ಕಾಸರಗೋಡು ತಾಲೂಕೆಂದೂ ಹೆಸರು ಪಡೆದ ನಮ್ಮ ಸೀಮೆಯು ಆ ಜಿಲ್ಲೆಯ ದಕ್ಷಿಣದ ತುದಿ. 1799ರಿಂದ 1956ರವರೆಗೆ, ಎಂದರೆ 157 ವರ್ಷಗಳ ಕಾಲ, ನಮ್ಮ ಹಿರಿಯರಿಗೆ ಕಲೆಕ್ಟರರ ಕಚೇರಿಯೂ ಜಿಲ್ಲಾ ನ್ಯಾಯಾಲಯವೂ ಮಂಗಳೂರಿನಲ್ಲಿದ್ದವು. ತೋಟದ ವ್ಯಾಜ್ಯ ಹತ್ತಿದರೆ ಮಂಗಳೂರು, ದೊಡ್ಡ ಓದು ಬೇಕಾದರೆ ಮಂಗಳೂರು. ಅಲ್ಲಿಗೆ ಹೋಗುವುದನ್ನು ಯಾರೂ ವಲಸೆಯೆಂದು ಕರೆಯುತ್ತಿರಲಿಲ್ಲ.

ದಾರಿಯೇನೋ ಆಗ ಸುಗಮವಾಗಿರಲಿಲ್ಲ. ಚಂದ್ರಗಿರಿ, ಮೊಗ್ರಾಲು, ಶಿರಿಯ, ಉಪ್ಪಳ, ಮಂಜೇಶ್ವರ ಹೊಳೆಗಳನ್ನು ದಾಟಿ, ಕಟ್ಟಕಡೆಗೆ ನೇತ್ರಾವತಿಯನ್ನೂ ದೋಣಿಯಲ್ಲಿ ಹಾಯಬೇಕಾಗಿತ್ತು. 1907ರಲ್ಲಿ ರೈಲು ಮಾರ್ಗವು ಮಂಗಳೂರನ್ನು ಮುಟ್ಟಿದ ಮೇಲೆ ಈ ಕಷ್ಟ ತಪ್ಪಿತು. ಮಳೆಗಾಲದಲ್ಲಿ ಹೊಳೆಗಂಜಿ ನಿಲ್ಲುತ್ತಿದ್ದ ಪಯಣವು ಒಂದೆರಡು ಗಂಟೆಗಳ ಮಾತಾಯಿತು.

ಜನರನ್ನು ಎಳೆದದ್ದು ಕಚೇರಿ ಮಾತ್ರವಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಮುದ್ರಣಾಲಯವನ್ನು ತೆರೆದರು, 1843ರಲ್ಲಿ ಹೆರ್ಮನ್ ಮೋಗ್ಲಿಂಗನು ಅಲ್ಲಿಂದ ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದನು, 1894ರಲ್ಲಿ ಕಿಟ್ಟೆಲನ ನಿಘಂಟು ಅಚ್ಚಾದದ್ದೂ ಅಲ್ಲಿಯೇ. 1865ರಲ್ಲಿ ಆರಂಭವಾದ ಮಿಶನ್ನಿನ ಹೆಂಚಿನ ಕಾರ್ಖಾನೆಯನ್ನು ನೋಡಿ ಇತರರೂ ಕಾರ್ಖಾನೆಗಳನ್ನು ಕಟ್ಟಿದರು. ಹೊಲಗದ್ದೆಗಳಿಲ್ಲದ ಕೂಲಿಯವರಿಗೆ, ಹೆಂಗಸರಿಗೆ ಸಹ, ದಿನಗೂಲಿ ದೊರೆಯುವಂತಾಯಿತು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು, 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ ಹೈಸ್ಕೂಲು ಸ್ಥಾಪನೆಯಾದವು. ಹೀಗೆ ದುಡಿಮೆ, ವಿದ್ಯೆ, ಅಕ್ಷರ ಮೂರೂ ಒಂದೇ ಊರಿನಲ್ಲಿ ಕೂಡಿಕೊಂಡವು.

ಹೀಗಿರಲು 1956ನೆಯ ನವೆಂಬರ್ ಒಂದನೆಯ ತಾರೀಕು ಬಂದಿತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಮಂಗಳೂರು ಮೈಸೂರು ರಾಜ್ಯಕ್ಕೂ ಕಾಸರಗೋಡು ಕೇರಳಕ್ಕೂ ಸೇರಿದವು. ನಾವು ಮೊದಲು ಮಲಬಾರ್ ಜಿಲ್ಲೆಯಲ್ಲಿ, 1957ರಲ್ಲಿ ಅದನ್ನು ಒಡೆದ ಮೇಲೆ ಕಣ್ಣಾನೂರು ಜಿಲ್ಲೆಯಲ್ಲಿ ಇದ್ದು, 1984ರ ಮೇ 24ರಂದು ಪ್ರತ್ಯೇಕ ಜಿಲ್ಲೆಯಾದೆವು. ಚಂದ್ರಗಿರಿಯ ಉತ್ತರದ ಭಾಗವು ಕರ್ನಾಟಕಕ್ಕೆ ಸಲ್ಲಬೇಕೆಂದು ಮಹಾಜನ ಆಯೋಗವು 1967ರಲ್ಲಿ ಶಿಫಾರಸು ಮಾಡಿತಾದರೂ ಅದು ಕಾಗದದ ಮೇಲೆಯೇ ಉಳಿಯಿತು. ಗಡಿಯ ರಾಜಕೀಯವು ಈ ಲೇಖನದ ವಿಷಯವಲ್ಲ. ಇಲ್ಲಿ ಮುಖ್ಯವಾದ ಸಂಗತಿಯೆಂದರೆ, ಅಂದಿನಿಂದ ಮಂಗಳೂರಿಗೆ ಹೋಗುವುದರ ಅರ್ಥವೇ ಬದಲಾಯಿತು. ಹಿಂದೆ ಹೋದವನು ತನ್ನ ಜಿಲ್ಲೆಯೊಳಗೇ ಇದ್ದನು. ಈಗ ಸಂಸಾರಸಮೇತ ಹೋದವನು ಒಂದು ರಾಜ್ಯವನ್ನು ಬಿಟ್ಟು ಇನ್ನೊಂದನ್ನು ಸೇರುತ್ತಾನೆ. ಅವನ ಮತ, ಪಡಿತರ ಚೀಟಿ, ಮಕ್ಕಳ ಶಾಲೆಯ ಹಾಜರಿ ಎಲ್ಲವೂ ಗಡಿಯನ್ನು ದಾಟುತ್ತವೆ.

ಇನ್ನು ಗುಣಗಳನ್ನು ನೋಡೋಣ. ಮೊದಲನೆಯದು ವಿದ್ಯೆ. 1957ರಲ್ಲಿ ಕಾಸರಗೋಡಿನಲ್ಲಿಯೇ ಸರಕಾರೀ ಕಾಲೇಜು ಆರಂಭವಾದದ್ದು ನಮ್ಮ ಭಾಗ್ಯ. ಆದರೆ ವೈದ್ಯಕೀಯ, ಎಂಜಿನಿಯರಿಂಗ್ ಮುಂತಾದ ವೃತ್ತಿಶಿಕ್ಷಣದಲ್ಲಿ ಮಂಗಳೂರಿನಲ್ಲಿರುವ ಅನುಕೂಲ ನಮ್ಮಲ್ಲಿಲ್ಲ. 1980ರಲ್ಲಿ ಕೊಣಾಜೆಯಲ್ಲಿ ಸ್ಥಾಪಿತವಾದ ಮಂಗಳೂರು ವಿಶ್ವವಿದ್ಯಾನಿಲಯವು ಗಡಿಯಿಂದ ಕೂಗಳತೆಯಲ್ಲೇ ಇದೆಯೆನ್ನಬೇಕು. ಎರಡನೆಯದು ವೈದ್ಯೋಪಚಾರ. ಕಠಿನ ಕಾಯಿಲೆ ಬಂದರೆ ನಮ್ಮವರ ಬಾಯಿಯಲ್ಲಿ ಮೊದಲು ಬರುವ ಮಾತು ಮಂಗಳೂರು, ದೇರಳಕಟ್ಟೆ. ಮೂರನೆಯದು ಉದ್ಯೋಗ. ಬಂದರು, ಬ್ಯಾಂಕು, ವ್ಯಾಪಾರಗಳಿರುವ ನಗರದಲ್ಲಿ ತರುಣನಿಗೆ ಹತ್ತು ಬಾಗಿಲುಗಳುಂಟು. ನಾಲ್ಕನೆಯದು ಭಾಷೆ. ಕಚೇರಿಯಲ್ಲಿ ಕನ್ನಡದ ಅರ್ಜಿಯನ್ನು ಕೊಟ್ಟು ಕನ್ನಡದ ಉತ್ತರವನ್ನು ಪಡೆಯುವ ನೆಮ್ಮದಿಯನ್ನು ಗಡಿನಾಡಿನವನೇ ಬಲ್ಲನು. 2017ರಲ್ಲಿ ಕೇರಳ ವಿಧಾನಸಭೆಯು ಶಾಲೆಗಳಲ್ಲಿ ಮಲಯಾಳ ಭಾಷೆಯನ್ನು ಕಡ್ಡಾಯಗೊಳಿಸುವ ಶಾಸನವನ್ನು ಅಂಗೀಕರಿಸಿದಾಗ ನಮ್ಮ ತಂದೆತಾಯಂದಿರಲ್ಲಿ ಮೂಡಿದ ಕಳವಳ ಎಲ್ಲರಿಗೂ ನೆನಪಿದೆ.

ಈ ಗುಣಗಳ ಎದುರಿಗೆ ದೋಷಗಳನ್ನಿಟ್ಟು ತೂಗಬೇಕು. ಭಾಷೆಯ ವಿಚಾರವನ್ನೇ ಮೊದಲು ತೆಗೆದುಕೊಳ್ಳೋಣ. ಕನ್ನಡಕ್ಕಾಗಿ ಮಂಗಳೂರಿಗೆ ಹೋಗುವೆವೆಂದು ಹೇಳುವ ಅನೇಕರು ಅಲ್ಲಿಗೆ ಹೋದೊಡನೆ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸುತ್ತಾರೆ. ಊರಿನಲ್ಲಿದ್ದಾಗ ಗಣಿತವನ್ನೂ ವಿಜ್ಞಾನವನ್ನೂ ಕನ್ನಡದಲ್ಲಿ ಓದುತ್ತಿದ್ದ ಹುಡುಗನಿಗೆ ಕನ್ನಡನಾಡಿನೊಳಗೆ ಕನ್ನಡವು ಒಂದು ಪಾಠಪುಸ್ತಕವಾಗಿ ಮಾತ್ರ ಉಳಿಯುತ್ತದೆ. ನೀರಿಗೆಂದು ಹೊಳೆಯ ಬದಿಗೆ ಮನೆಕಟ್ಟಿ ಬಾಯಾರಿ ಕುಳಿತಂತಾಯಿತು. ಇದು ವಿಚಿತ್ರವಾಗಿ ತೋರಿದರೂ ಸತ್ಯ.

ಎರಡನೆಯದು ಭೂಮಿಯ ವಿಚಾರ. 1970ರ ಜನವರಿ ಒಂದರಿಂದ ಕೇರಳದಲ್ಲಿ ಗೇಣಿಪದ್ಧತಿ ಕೊನೆಗೊಂಡು ಒಕ್ಕಲುಗಳು ತಾವು ಉಳುತ್ತಿದ್ದ ನೆಲಕ್ಕೆ ಒಡೆಯರಾದರು. ನಮ್ಮ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಈ ಸುಧಾರಣೆಯನ್ನು ಪ್ರಶ್ನಿಸಿ ಹೂಡಿದ ಮೊಕದ್ದಮೆಯು 1973ರ ಏಪ್ರಿಲ್ 24ರ ತೀರ್ಪಿನಿಂದ ದೇಶದ ಸಂವಿಧಾನದ ಚರಿತ್ರೆಯಲ್ಲಿಯೇ ಸ್ಥಾನ ಪಡೆಯಿತು. ಗೇಣಿಯ ವರಮಾನ ನಿಂತ ಧನಿಗಳ ಮನೆಯ ಮಕ್ಕಳು ನಗರದ ಉದ್ಯೋಗವನ್ನು ಅರಸಿದ್ದು ಸಹಜ. ಆದರೆ ತಲೆಮಾರುಗಳ ದುಡಿಮೆಯ ಬಳಿಕ ಒಂದೆರಡು ಎಕರೆಯನ್ನು ತನ್ನದೆಂದು ಕಂಡ ರೈತನು ಅದನ್ನು ಮಾರಿ ನಗರದಲ್ಲಿ ಮೂರು ಕೋಣೆಗಳ ಮನೆಯನ್ನು ಕೊಳ್ಳುವಾಗ ನೂರು ಬಾರಿ ಯೋಚಿಸಬೇಕು. ಗುಡ್ಡೆಯನ್ನು ಕೊರೆದು ಸುರಂಗದಿಂದ ನೀರು ತಂದು ಬೆಳೆಸಿದ ತೋಟ ಅದು. ನೋಡುವವರಿಲ್ಲದಿದ್ದರೆ ನಾಲ್ಕು ಮಳೆಗಾಲಗಳಲ್ಲಿ ಕಾಡಾಗುತ್ತದೆ. ಬೆಲೆಯ ಭಯವೂ ಹಿಂದಿನಂತಿಲ್ಲ. ಅಡಿಕೆಯ ಧಾರಣೆ ಬಿದ್ದು ರೈತರು ಕಂಗೆಟ್ಟಾಗ 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಹುಟ್ಟಿದ ಕ್ಯಾಂಪ್ಕೋ ಸಂಸ್ಥೆಯು ಕರ್ನಾಟಕ ಕೇರಳಗಳೆರಡರ ಬೆಳೆಗಾರರಿಗೂ ಸೇರಿದ್ದು. ಅದರ ಕೇಂದ್ರ ಕಚೇರಿ ಮಂಗಳೂರಿನಲ್ಲಿದೆ. ಅಡಿಕೆಯನ್ನು ಮಾರಲು ಬೆಳೆಗಾರನು ಮನೆಯನ್ನು ಅಲ್ಲಿಗೆ ಸಾಗಿಸಬೇಕಾಗಿಲ್ಲ.

ಮೂರನೆಯದು, ಎಲ್ಲಕ್ಕಿಂತ ಗುರುತರವಾದದ್ದು, ಸಂಖ್ಯೆಯ ವಿಚಾರ. 1956ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ಅನುಚ್ಛೇದವು ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲವನ್ನು ಒದಗಿಸಬೇಕೆನ್ನುತ್ತದೆ. ಕೇರಳದ 1969ರ ರಾಜಭಾಷಾ ಶಾಸನವು ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸುವ ಹಕ್ಕನ್ನು ನಮಗೆ ಕೊಟ್ಟಿದೆ. ಕನ್ನಡ ಮಲಯಾಳಗಳೆರಡನ್ನೂ ಬಲ್ಲವರಿಗೆಂದೇ ಜಿಲ್ಲೆಯಲ್ಲಿ ಗುಮಾಸ್ತರ ಹುದ್ದೆಗಳುಂಟು. ಇವೆಲ್ಲವೂ ನಿಂತಿರುವುದು ಇಲ್ಲಿ ಕನ್ನಡಿಗರಿದ್ದಾರೆಂಬ ಆಧಾರದ ಮೇಲೆ. ಶಾಲೆಯಲ್ಲಿ ಅಧ್ಯಾಪಕರ ಹುದ್ದೆ ನಿರ್ಧಾರವಾಗುವುದು ತರಗತಿಯ ಮಕ್ಕಳ ತಲೆಯೆಣಿಕೆಯಿಂದ. ಜೂನ್ ತಿಂಗಳಲ್ಲಿ ನಾಲ್ಕು ಮಕ್ಕಳು ಟಿ.ಸಿ. ಪಡೆದು ಹೋದರೆ ನಷ್ಟವಾಗುವುದು ನಾಲ್ಕು ಮಕ್ಕಳದಲ್ಲ. ಒಂದು ವಿಭಾಗ ಮುಚ್ಚಿ, ಉಳಿದ ಮಕ್ಕಳಿಗೂ ಕನ್ನಡದ ಗುರು ಇಲ್ಲವಾಗಬಹುದು. ಹೋಗಲಾರದ ಬಡವರ ಮಕ್ಕಳೇ ಈ ನಷ್ಟವನ್ನು ಹೊರುವವರು.

ಇನ್ನು 2020ನೆಯ ಇಸವಿಯ ಪಾಠವೊಂದುಂಟು. ಕೊರೋನಾ ವ್ಯಾಧಿ ಹಬ್ಬಿದ ಮಾರ್ಚ್ ತಿಂಗಳಲ್ಲಿ ತಲಪಾಡಿಯ ದಾರಿ ಮುಚ್ಚಿತು. ಹಲವು ರಸ್ತೆಗಳ ಮೇಲೆ ಮಣ್ಣಿನ ರಾಶಿ ಬಿದ್ದಿತು. ಎಂದಿನಂತೆ ಮಂಗಳೂರಿನ ಆಸ್ಪತ್ರೆಯನ್ನು ನಂಬಿದ್ದ ರೋಗಿಗಳು ಅಲ್ಲಿಂದ ಮರಳಬೇಕಾಯಿತು. ಕೆಲವರು ಪ್ರಾಣವನ್ನೂ ಬಿಟ್ಟರು. ಪ್ರಶ್ನೆ ಕೇರಳದ ಉಚ್ಚ ನ್ಯಾಯಾಲಯಕ್ಕೂ ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ಆ ಏಪ್ರಿಲಿನಲ್ಲಿಯೇ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿನ ಕಟ್ಟಡವನ್ನು ಆಸ್ಪತ್ರೆಯಾಗಿ ತೆರೆದರು. ಅದಕ್ಕೆ ಶಂಕುಸ್ಥಾಪನೆಯಾದದ್ದು 2013ರಲ್ಲಿ. ಈ ಘಟನೆಯಿಂದ ಕೆಲವರು, ಇನ್ನು ಮಂಗಳೂರಿನಲ್ಲಿಯೇ ಇರಬೇಕೆಂದು ತೀರ್ಮಾನಿಸಿದರು. ನನಗೆ ಅದರಲ್ಲಿ ಬೇರೊಂದು ಅರ್ಥ ಕಾಣುತ್ತದೆ. ನೆರೆಯ ನಗರವು ಎಲ್ಲವನ್ನೂ ಕೊಡುವುದೆಂಬ ಧೈರ್ಯದಿಂದ ನಮ್ಮ ಊರಿಗೆ ಬೇಕಾದುದನ್ನು ನಾವು ಗಟ್ಟಿಯಾಗಿ ಕೇಳಲೇ ಇಲ್ಲ. ಕೇಳಬಲ್ಲವರು ಊರು ಬಿಟ್ಟರೆ ಮುಂದೆಯೂ ಕೇಳುವವರಿರುವುದಿಲ್ಲ.

ಹಾಗಾದರೆ ನಿರ್ಣಯವೇನು? ಮಂಗಳೂರಿಗೆ ಹೋಗುವುದು ಬೇರೆ, ಮಂಗಳೂರಿಗೆ ಮನೆಯನ್ನು ಸಾಗಿಸುವುದು ಬೇರೆ. ನಮ್ಮ ಹಿರಿಯರು ಮೊದಲನೆಯದನ್ನು ಧಾರಾಳವಾಗಿ ಮಾಡಿದರು, ಎರಡನೆಯದನ್ನು ಅಳೆದು ಸುರಿದು ಮಾಡಿದರು. ಉನ್ನತ ವ್ಯಾಸಂಗಕ್ಕಾಗಿ ಸಂಸಾರವೇ ಹೋಗಬೇಕೆಂಬ ನಂಬಿಕೆ ಸರಿಯಲ್ಲ. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದಲ್ಲಿ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳಲ್ಲಿ ವಾಸಿಸಿ ಓದಿದ, ಕನ್ನಡವೋ ತುಳುವೋ ಕೊಡವವೋ ಮಾತೃಭಾಷೆಯಾದ ವಿದ್ಯಾರ್ಥಿಗಳಿಗೆ ಗಡಿನಾಡ ಕನ್ನಡಿಗರೆಂಬ ಅರ್ಹತೆಯಿದೆ. ಇಲ್ಲಿದ್ದು ಓದಿದ್ದೇ ಅಲ್ಲಿ ಬಾಗಿಲನ್ನು ತೆರೆಯುತ್ತದೆಂದಾಯಿತು. ಹತ್ತನೆಯ ತರಗತಿಯವರೆಗೆ ಊರಿನ ಕನ್ನಡ ಶಾಲೆ, ಅನಂತರ ಬೇಕಾದಲ್ಲಿ ನಗರದ ಕಾಲೇಜು. ಕೆಲಸಕ್ಕೆ ನಗರ, ಮತಕ್ಕೂ ಮನೆಗೂ ಊರು. ಇದು ಬಹುಪಾಲು ಕುಟುಂಬಗಳಿಗೆ ಸಾಧ್ಯವಾದ ಮಾರ್ಗ. ನಗರವು ಹತ್ತಿರವಾಗಿರುವುದರ ಲಾಭವನ್ನು ಪಡೆಯುವುದೆಂದರೆ ಇದೇ.

ಆದರೂ ಈ ಮಾತನ್ನು ಎಲ್ಲರಿಗೂ ಒಂದೇ ಸಮನಾಗಿ ಅನ್ವಯಿಸುವುದು ಅನ್ಯಾಯ. ನೆಲವಿಲ್ಲದೆ ಕೂಲಿಯಿಂದಲೇ ಬದುಕುವವರು, ವಾರಕ್ಕೆರಡು ಬಾರಿ ಆಸ್ಪತ್ರೆಯನ್ನು ಕಾಣಲೇಬೇಕಾದ ರೋಗಿಯಿರುವ ಮನೆಯವರು, ವಿಶೇಷ ಶಾಲೆಯ ಅಗತ್ಯವಿರುವ ಮಗುವಿನ ತಂದೆತಾಯಂದಿರು ನಗರಕ್ಕೆ ಹೋದರೆ ಅದನ್ನು ಊರಿಗೆ ಬಗೆದ ದ್ರೋಹವೆಂದು ಯಾರೂ ಆಡಬಾರದು. ಅಂಥವರನ್ನು ಹರಸಿ ಕಳುಹಿಸುವುದೂ ನಮ್ಮ ಧರ್ಮವೇ.

ಕಡೆಗೆ ಎರಡು ದೃಷ್ಟಾಂತಗಳು. ಗೋವಿಂದ ಪೈಗಳು 1883ರಲ್ಲಿ ಹುಟ್ಟಿದ್ದು ಮಂಗಳೂರಿನಲ್ಲಿ, ನೆಲಸಿದ್ದು ಮಂಜೇಶ್ವರದಲ್ಲಿ. 1949ರಲ್ಲಿ ಮದರಾಸು ಸರಕಾರದಿಂದ ರಾಷ್ಟ್ರಕವಿಯೆನಿಸಿದ, 1951ರಲ್ಲಿ ಬೊಂಬಾಯಿಯ ಸಾಹಿತ್ಯ ಸಮ್ಮೇಲನದ ಅಧ್ಯಕ್ಷತೆಯನ್ನು ವಹಿಸಿದ ಆ ವಿದ್ವಾಂಸರನ್ನು ಅರಸಿ ನಾಡಿನ ವಿದ್ವಾಂಸರೇ ಮಂಜೇಶ್ವರಕ್ಕೆ ಬಂದರು. ಕಯ್ಯಾರ ಕಿಞ್ಞಣ್ಣ ರೈಗಳು ಪೆರಡಾಲದ ಶಾಲೆಯಲ್ಲಿ ಪಾಠ ಹೇಳುತ್ತ, ಬದಿಯಡ್ಕದ ಮಣ್ಣಿನಲ್ಲಿ ಕೃಷಿ ಮಾಡುತ್ತ, 2015ರಲ್ಲಿ ನೂರು ವರ್ಷ ತುಂಬಿದ ಮೇಲೆ ಅಲ್ಲಿಯೇ ಕಣ್ಮುಚ್ಚಿದರು. 1997ರಲ್ಲಿ ಸಾಹಿತ್ಯ ಸಮ್ಮೇಲನವು ಮಂಗಳೂರಿನಲ್ಲಿ ಕೂಡಿದಾಗ ಅದರ ಅಧ್ಯಕ್ಷಪೀಠವನ್ನು ಅಲಂಕರಿಸಿದವರು ಇವರೇ. ಊರಿನಲ್ಲಿ ನಿಂತವರನ್ನು ನಗರವು ಮರೆಯುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕೇ? ಮನೆ ಬಿಡುವ ನಿಶ್ಚಯಕ್ಕೆ ಮುನ್ನ ವಾಚಕರು ತಕ್ಕಡಿಯ ಎರಡು ತಟ್ಟೆಗಳನ್ನೂ ಒಮ್ಮೆ ನೋಡಲಿ; ಒಂದು ತಟ್ಟೆಯಲ್ಲಿ ತಮ್ಮ ಮಗುವನ್ನಿಡುವಾಗ, ಇನ್ನೊಂದರಲ್ಲಿ ಆ ಮಗುವಿನ ಪಕ್ಕದಲ್ಲಿ ಬೆಂಚಿನ ಮೇಲೆ ಕುಳಿತಿರುವ ನೆರೆಮನೆಯ ಮಗುವನ್ನೂ ಇಡಲಿ.